ಕೈಯಲ್ಲೇ ಉಳಿದ ಸುತ್ತಿಗೆ

ಅಮೆರಿಕದ ನಮ್ಮ ಇಡೀ ಟೊಲಿಡೊ ಊರಿನಲ್ಲಿ ಸ್ಟಿಯರಿಂಗ್ ಮುಟ್ಟದೆ ಕಾರು ಓಡಿಸಿದವಳು ಅಂತ ಇದ್ದರೆ ನಾನೊಬ್ಬಳೇ. ಎರಡು ಚಳಿಗಾಲ ಓಡಿಸಿದೆ, ಒಂದು ಬೆಕ್ಕಿನ ಬಾಲದ ಮೇಲೂ ಚಕ್ರ ಹತ್ತಲಿಲ್ಲ. ಇದರಲ್ಲಿ ಅರ್ಧ ಸುಳ್ಳು. ಸ್ಟಿಯರಿಂಗ್ ಹಿಡಿಯುತ್ತಿದ್ದವನು ಪಕ್ಕದ ಮನೆಯ ಅರ್ಪಾದ್. ಕಣ್ಣು ಮಾತ್ರ ನನ್ನದು.

ಅರ್ಪಾದನ ಕಣ್ಣಿನ ನಡುಭಾಗ ಸವೆದುಹೋಗಿತ್ತು. ಗಾಜಿನ ಕಾರ್ಖಾನೆಯ ಕುಲುಮೆಯನ್ನು ದಿಟ್ಟಿಸಿ ದಿಟ್ಟಿಸಿ ಹೀಗಾಯಿತು ಅಂತ ಅವನು ಹೇಳುತ್ತಿದ್ದ. ವಯಸ್ಸಾಯಿತು, ಅಷ್ಟೇ ಅಂತ ಡಾಕ್ಟರು. ಅವನ ಮುಂದೆ ನೀವು ನೆಟ್ಟಗೆ ನಿಂತರೆ ನಿಮ್ಮ ಎರಡು ಕಿವಿಯೂ ಅವನಿಗೆ ಚೆನ್ನಾಗಿ ಕಾಣುತ್ತಿದ್ದವು, ಮುಖ ಇರುತ್ತಿರಲಿಲ್ಲ. ಅದಕ್ಕೇ ಕೋಳಿ ಕಾಳು ನೋಡುವ ಹಾಗೆ ತಲೆಯನ್ನು ಪಕ್ಕಕ್ಕೆ ಓರೆ ಮಾಡಿ ಎಲ್ಲವನ್ನೂ ನೋಡುತ್ತಿದ್ದ. ಕಾರಿನಲ್ಲಿ ನಾನು ಅವನ ಪಕ್ಕ ಕೂರುತ್ತಿದ್ದೆ. ಕೆಂಪು ದೀಪ ಬಂದರೆ ಅವನ ಮೊಣಕೈಗೆ ನನ್ನ ಮೊಣಕೈಯಿಂದ ಒಂದು ತಿವಿತ, ಹಸಿರಾದರೆ ಎರಡು. ಹಿಂದಿನ ಕಾರಿನವರು ಈ ವಯಸ್ಸಿನಲ್ಲಿ ಇವರಿಗೇನು ಸರಸ ಅಂದುಕೊಂಡಿರಬೇಕು. ಅಂದುಕೊಳ್ಳಲಿ. ನನ್ನ ಗಂಡ ಲಾಯೋಶ್ ತೀರಿಕೊಂಡ ಮೇಲೆ ನನ್ನ ಬಗ್ಗೆ ಯಾರೂ ಏನೂ ಅಂದುಕೊಳ್ಳುವುದೇ ನಿಂತುಹೋಗಿತ್ತು.

ಜನವರಿಯ ಆ ಶನಿವಾರವೂ ಹೀಗೇ ತಿವಿದು ತಿವಿದು ಅಂಗಡಿ ತಲುಪಿದೆವು. ಅದು ಮೊದಲು ಲಾಯೋಶ್ ಜೋಡು ರಿಪೇರಿ ಮಾಡುತ್ತಿದ್ದ ಅಂಗಡಿ. ಈಗ ಡೆಸ್ಮಂಡ್ ಅಲ್ಲಿ ಆಟದ ಎಲೆ ಮಾರುತ್ತಾನೆ, ಶನಿವಾರ ಶನಿವಾರ ಪಂದ್ಯ ನಡೆಸುತ್ತಾನೆ. ಹೀಟರ್ ಕಾದರೆ ಗೋಡೆಯೊಳಗಿಂದ ಇವತ್ತಿಗೂ ಪಾಲಿಶ್ ವಾಸನೆ ಬರುತ್ತದೆ. ಹಿಂದಿನ ಮೂಲೆಯಲ್ಲಿ ನನ್ನದೊಂದು ಮೇಜು. ಅಕ್ರೋಟ್ ತುಂಬಿದ ಕಿಫ್ಲಿ ಅನ್ನುವ ನಮ್ಮ ಹಂಗೇರಿಯ ಬಿಸ್ಕತ್ತು ಸುಟ್ಟು ತರುತ್ತೇನೆ, ಕಾಫಿ ಕಾಸುತ್ತೇನೆ. ನನ್ನ ಕಾಫಿ ಕುಡಿದು ಸತ್ತವರು ಎದ್ದು ಕೂತು ಸಕ್ಕರೆ ಕೇಳಿದ್ದಾರೆ.

ಆಟ ಅಂದರೆ ಇಸ್ಪೀಟಲ್ಲ. ಪ್ರತಿಯೊಂದು ಎಲೆಯ ಮೇಲೂ ಒಂದು ಚಿತ್ರ, ಚಿತ್ರದ ಕೆಳಗೆ ಆ ಎಲೆ ಪಾಲಿಸಬೇಕಾದ ಕಾನೂನು. ಅಂಥ ಎಲೆಗಳನ್ನು ತಾವೇ ಆರಿಸಿ ಕಟ್ಟು ಮಾಡಿಕೊಂಡು ಬಂದು ಎದುರುಬದುರು ಕೂತು ಆಡುತ್ತಾರೆ. ಇಬ್ಬರಿಗೂ ಇಷ್ಟಿಷ್ಟು ಅಂತ ಆಯಸ್ಸಿನ ಅಂಕ, ಯಾರದು ಮೊದಲು ತೀರಿತೋ ಅವರು ಸೋತರು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಒಂದು ಎಲೆಯ ಕಾನೂನು ಓದಿ ಮುಗಿಸುವಷ್ಟರಲ್ಲಿ ಅವರ ಆಟವೇ ಮುಗಿದಿರುತ್ತದೆ. ಚಿತ್ರ ನೋಡಿ ಗುರುತು ಹಿಡಿಯುತ್ತೇನೆ. ಅರ್ಪಾದನೂ ಈಗೀಗ ಹಾಗೇ. ಆದರೆ ಕಾನೂನೆಲ್ಲ ಅವನ ತಲೆಯಲ್ಲಿತ್ತು. ಎಲ್ಲಿ ತಕರಾರು ಬಂದರೂ ಡೆಸ್ಮಂಡ್ ಅವನನ್ನೇ ಕರೆಯುತ್ತಿದ್ದ.

ಅವತ್ತು ತಕರಾರು ತೆಗೆದವನು ಅಂಚೆ ಹಂಚುವ ಗಡ್ಡದವನು. ಎರಡು ಎಲೆ ಜೋಡಿಸಿ ಅದೇನೋ ಹಿಕಮತ್ತು ಮಾಡಿದ್ದ. ಒಂದು ಸುತ್ತು ತಿರುಗಿದರೆ ಅವನ ಆಯಸ್ಸು ಒಂದು ಹೆಚ್ಚುತ್ತದೆ, ಎಲೆಗಳು ಮೊದಲಿನಂತೆ ಕೂರುತ್ತವೆ, ಮತ್ತೆ ತಿರುಗಿಸಬಹುದು.

"ಎಷ್ಟು ಸಲ ತಿರುಗಿಸ್ತೀಯ?" ಅಂತ ಅರ್ಪಾದ್ ಕೇಳಿದ.

"ಲೆಕ್ಕವೇ ಇಲ್ಲ. ಕೊನೆಯೇ ಇಲ್ಲದಷ್ಟು ಸಲ."

"ಅಂಥ ಸಂಖ್ಯೆ ಈ ಮೇಜಿನ ಮೇಲೆ ಇಲ್ಲಪ್ಪ. ಒಂದು ಸಂಖ್ಯೆ ಹೇಳು."

"ನಿನ್ನ ಗಡ್ಡದ ಕೂದ್ಲು ಎಣಿಸ್ಕೊಂಡು ಹೇಳು," ಅಂದೆ ನಾನು. "ಹೇನು ಬಿಟ್ಟು."

ಗಡ್ಡದವನು ನಕ್ಕು, "ಹೋಗ್ಲಿ, ಒಂದು ಕೋಟಿ," ಅಂದ.

"ಕೋಟಿ ಆಯ್ತು," ಅಂದ ಅರ್ಪಾದ್. "ಬರ್ಕೋ, ನಿಲ್ಸು, ಮುಂದಕ್ಕೆ ಆಡು. ‘ಮಾಡಬಹುದು’ ಅಂತ ಬರೆದಿರೋ ಎಲೇನ ಎಲ್ಲಾದ್ರೂ ಒಂದು ಕಡೆ ನಿಲ್ಲಿಸ್ಲೇಬೇಕು."

"ಮತ್ತೆ ‘ಮಾಡಲೇಬೇಕು’ ಅಂತ ಬರೆದಿದ್ರೆ?"

"ಆಗ ತಾನಾಗೇ ತಿರುಗ್ತಾ ಇರತ್ತೆ. ಯಾರಾದ್ರೂ ಬೇರೆ ಎಲೆ ಹಾಕಿ ಮುರಿದ್ರೆ ಉಂಟು. ಇಬ್ರೂ ಮುರೀದಿದ್ರೆ ಆಟ ಸಮ. ಗೆದ್ದೋರೂ ಇಲ್ಲ, ಸೋತೋರೂ ಇಲ್ಲ."

"ಮದುವೆ ಥರ," ಅಂದೆ ನಾನು.

ಎಲ್ಲರೂ ನಕ್ಕರು. ಗಡ್ಡದವನಿಗೆ ಮಾತ್ರ ಇನ್ನೂ ಅನುಮಾನ. "ಮುರಿಯೋ ಎಲೆ ಕೈಲಿದ್ರೂ ಹಾಕದೆ ಸುಮ್ನೆ ಕೂತ್ರೆ?"

"ಕೂರಲಿ. ಹಾಕು ಅಂತ ಯಾರೂ ಬಲವಂತ ಮಾಡೋ ಹಾಗಿಲ್ಲ. ಇದ್ಯಾ ತೋರ್ಸು ಅಂತ ಕೇಳೋ ಹಾಗೂ ಇಲ್ಲ. ಅವನ ಕೈ ಅವನದು." ಅರ್ಪಾದ್ ಡೆಸ್ಮಂಡನತ್ತ ಕಿವಿ ತಿರುಗಿಸಿದ. "ನೀನು ಏನಂತ ಕೇಳ್ಬೇಕು, ಹೇಳು."

"‘ನಿಲ್ಲಿಸೋಕಾಗತ್ತಾ’ ಅಂತ ಕೇಳ್ಬಾರ್ದು," ಡೆಸ್ಮಂಡ್ ಪಾಠ ಒಪ್ಪಿಸಿದ. "‘ನಿಲ್ಲಿಸ್ತೀರಾ’ ಅಂತ ಕೇಳ್ಬೇಕು."

ಆಗ ಬಾಗಿಲ ಗಂಟೆ ಅಲ್ಲಾಡಿತು. ಬಂದವಳು ಅರ್ಪಾದನ ಮಗಳು ಕೊರಿನ್. ನದಿಯಾಚೆ ಹಲ್ಲಿನ ಡಾಕ್ಟರ ಹತ್ತಿರ ಕೆಲಸ, ಪ್ರತಿ ಶನಿವಾರ ಅಪ್ಪನ ಜೊತೆ ಆಡಲು ಬರುತ್ತಾಳೆ. ಬಂದವಳೇ ಕೋಟು ಬಿಚ್ಚಿ ನನ್ನ ಕೆನ್ನೆಗೆ ಮುತ್ತು ಕೊಟ್ಟು ಕಿಫ್ಲಿಗೆ ಕೈ ಹಾಕುವುದು ಅವಳ ರೂಢಿ. ಅವತ್ತು ಕೋಟು ಬಿಚ್ಚಲಿಲ್ಲ. ಹೆಗಲ ಮೇಲಿನ ಹಿಮವನ್ನೂ ಕೊಡವಲಿಲ್ಲ. ನೇರವಾಗಿ ಬಂದು ಹೆಬ್ಬೆರಳನ್ನು ಅಪ್ಪನ ಕಿವಿಯ ಪಕ್ಕ ಹಿಡಿದಳು, ಅಲ್ಲಿಟ್ಟರೆ ಅವನಿಗೆ ಕಾಣುತ್ತದೆ ಅಂತ ಅವಳಿಗೆ ಗೊತ್ತು. ಬೆರಳ ತುದಿಗೆ ಹಳದಿ ಪುಡಿ ಅಂಟಿತ್ತು.

"ನಿನ್ನ ಕಾರಿಂದು ಅಪ್ಪ. ಬಲಗಡೆ ಮುಂದುಗಡೆ ಅಷ್ಟಗಲ ತಗ್ಗಾಗಿದೆ. ತಗ್ಗಿನ ತುಂಬ ಈ ಬಣ್ಣ."

"ಅಂಗಡಿ ಮುಂದೆ ಒಂದು ಕಂಬ ಇತ್ತು."

"ಯಾವ ಅಂಗಡಿ?"

"ನೆನಪಿಲ್ಲ."

ನನ್ನ ಕೈಯಲ್ಲಿದ್ದ ಕೆಟಲು ಭಾರವಾಯಿತು. ನಾನು ಪಕ್ಕದಲ್ಲಿದ್ದಾಗ ಆ ಕಾರು ಯಾವ ಕಂಬವನ್ನೂ ಮುಟ್ಟಿಲ್ಲ, ದೇವರಾಣೆ. ಆದರೆ ಬುಧವಾರ ನಾನು ಜ್ವರದಿಂದ ಮಲಗಿದ್ದೆ. ಅವತ್ತು ಅರ್ಪಾದ್ ನನಗೆ ಸೂಪಿನ ಡಬ್ಬಿ ತಂದುಕೊಟ್ಟಿದ್ದ. ಹೇಗೆ ತಂದೆ ಅಂತ ಕೇಳುವುದು ನನಗೆ ಹೊಳೆದಿರಲಿಲ್ಲ. ಈ ಶನಿವಾರ ಕಾರು ಹತ್ತುವಾಗಲೂ ಜಾರುವ ನೆಲ ನೋಡಿದ್ದೆನೇ ಹೊರತು ಕಾರಿನ ಮೂತಿ ನೋಡಿರಲಿಲ್ಲ. ನಮ್ಮ ಬೀದಿಗಳಲ್ಲಿ ಹಳದಿ ಬಣ್ಣದ್ದು ಏನೇನಿದೆ ಅಂತ ಮನಸ್ಸು ತಾನಾಗಿ ಹುಡುಕತೊಡಗಿತು. ಬೆಂಕಿ ಆರಿಸುವವರ ನೀರಿನ ನಲ್ಲಿ. ಶಾಲೆಯ ಮುಂದೆ ಮಕ್ಕಳು ರಸ್ತೆ ದಾಟುವ ಜಾಗದ ಕಂಬ. ಆಮೇಲೆ ಹುಡುಕುವುದು ಬೇಡವೆನಿಸಿ ಲೋಟಗಳನ್ನು ಒರೆಸತೊಡಗಿದೆ.

"ಕೀಲಿಕೈ ಕೊಡು ಅಪ್ಪ," ಅಂದಳು ಕೊರಿನ್.

"ಆಡಿ ತಗೋ."

ಇದು ಆ ಮನೆಯ ಪದ್ಧತಿ. ಕೊರಿನ್ ಚಿಕ್ಕವಳಿದ್ದಾಗ ಅವಳ ಜೊತೆ ಹೇಗೆ ಮಾತಾಡಬೇಕೆಂದು ತಿಳಿಯದೆ ಅರ್ಪಾದ್ ಒಂದು ಪೊಟ್ಟಣ ಎಲೆ ತಂದುಕೊಟ್ಟಿದ್ದ. ಅಲ್ಲಿಂದ ಶುರು. ಮಾತು ಬಗೆಹರಿಯದೇ ಹೋದರೆ ಇಬ್ಬರೂ ಎಲೆ ಹಿಡಿದು ಕೂರುತ್ತಾರೆ. ಒಂದು ಜಗಳಕ್ಕೆ ಒಂದೇ ಆಟ. ಸೋತವರು ಆ ವಿಷಯ ಮತ್ತೆ ಎತ್ತುವ ಹಾಗಿಲ್ಲ. ಅವಳು ಯಾವ ಕಾಲೇಜಿಗೆ ಹೋಗಬೇಕು ಅನ್ನುವುದು ಹೀಗೇ ತೀರ್ಮಾನವಾಯಿತು. ಅವಳ ತಾಯಿಗೆ ಕೊನೆಯ ಆಪರೇಷನ್ ಬೇಕೋ ಬೇಡವೋ ಅನ್ನುವುದೂ ಹೀಗೇ. ಆ ಆಟದಲ್ಲಿ ಅರ್ಪಾದ್ ಸೋತ. ಆಮೇಲೆ ಒಂದು ದಿನವೂ ಆ ಮಾತೆತ್ತಲಿಲ್ಲ, ಹೆಂಡತಿಯ ಮಣ್ಣಿನ ದಿನ ಕೂಡ.

"ನಾನು ಗೆದ್ರೆ ಕೀಲಿಕೈ ನಂದು," ಅಂದಳು ಕೊರಿನ್, ಕೋಟು ಹಾಕಿಕೊಂಡೇ ಕೂರುತ್ತ. "ಇನ್ನು ಮೇಲೆ ಗಾಡಿ ಮುಟ್ಟಬಾರ್ದು ನೀನು."

"ನಾನು ಗೆದ್ರೆ ಕಣ್ಣಿನ ಸುದ್ದಿ ಎತ್ತಬಾರ್ದು ನೀನು. ನಾನು ಸಾಯೋ ತನಕ."

"ಅಥವಾ ಬೇರೆ ಯಾರಾದ್ರೂ ಸಾಯೋ ತನಕ," ಅಂದಳು ಅವಳು ಎಲೆ ಕಲಸುತ್ತ.

ಅರ್ಪಾದ್ ಕೀಲಿಕೈ ತೆಗೆದು ಮೇಜಿನ ನಡುವೆ ಇಟ್ಟ. ಅದಕ್ಕೊಂದು ಚರ್ಮದ ತುಂಡು ಕಟ್ಟಿತ್ತು, ಪುಟ್ಟ ಜೋಡಿನ ಅಟ್ಟೆಯ ಆಕಾರದ್ದು. ಲಾಯೋಶ್ ಇದೇ ಕೋಣೆಯಲ್ಲಿ ಕೂತು ಕತ್ತರಿಸಿಕೊಟ್ಟದ್ದು.

ಬೇರೆ ಮೇಜಿನವರು ತಮ್ಮ ಎಲೆ ಕವುಚಿಟ್ಟು ಬಂದು ಸುತ್ತ ನಿಂತರು. ಆಡುವವರ ಹಿಂದೆ ನಿಂತವರು ತುಟಿ ಬಿಚ್ಚುವ ಹಾಗಿಲ್ಲ, ಅದು ಡೆಸ್ಮಂಡನ ಅಂಗಡಿಯ ಕಟ್ಟಪ್ಪಣೆ. ನಾನು ಬಾಯಿ ಮುಚ್ಚಿಕೊಂಡು ನಿಂತೆ ಅಂದರೆ ನೀವು ನಂಬಲಾರಿರಿ, ಆದರೂ ನಿಂತೆ. ಕೊರಿನ್ ಚೆನ್ನಾಗಿ ಆಡಿದಳು. ಒಬ್ಬೊಬ್ಬರನ್ನಾಗಿ ಸೈನಿಕರನ್ನು ಮೈದಾನಕ್ಕಿಳಿಸಿ ಅಪ್ಪನ ಆಯಸ್ಸು ಕರಗಿಸಿದಳು. ಇನ್ನೊಂದು ಸಲ ಅವಳ ಸರದಿ ಬಂದರೆ ಆಟ ಮುಗಿದಂತೆ. ಅರ್ಪಾದನ ಮೈದಾನದಲ್ಲಿ ಇದ್ದವಳು ಒಬ್ಬಳೇ, ಸ್ಮಶಾನದ ಕಾವಲುಗಾತಿ. ಅವಳ ಕಾನೂನು ನನಗೂ ಬಾಯಿಪಾಠ: ಸೈನಿಕ ಯಾವನು ಸತ್ತರೂ ಕೂಡಲೇ ಎದ್ದು ಬರಲೇಬೇಕು.

ನಾನು ಕಾಫಿ ಬಗ್ಗಿಸುವ ನೆಪದಲ್ಲಿ ಅವನ ಬೆನ್ನ ಹಿಂದೆ ಹೋದೆ. ಅವನ ಕೈಯಲ್ಲಿ ಮೂರು ಎಲೆ ಇದ್ದವು. ಒಂದು ಬಾವಿ. ಒಂದು ಮುದಿ ಸೈನಿಕ. ಇನ್ನೊಂದು ಸುತ್ತಿಗೆ, ಕೆಂಪು ಹಿಡಿಯದ್ದು. ಸುತ್ತಿಗೆ ಹಾಕಿದರೆ ಮೇಜಿನ ಮೇಲಿನ ಯಾವುದಾದರೂ ಒಂದು ಎಲೆಯನ್ನು ಒಡೆದುಹಾಕಬಹುದು.

ಅರ್ಪಾದ್ ಬಾವಿಯನ್ನು ಇಟ್ಟ. ಮೈದಾನಕ್ಕೆ ಹೊಸದಾಗಿ ಬಂದವನು ಕೂಡಲೇ ಸಾಯಲೇಬೇಕು, ಅದು ಬಾವಿಯ ಕಾನೂನು. ಕೊರಿನಳ ಹುಬ್ಬು ಗಂಟಾಯಿತು. ಆಮೇಲೆ ಅವನು ಮುದಿ ಸೈನಿಕನನ್ನು ಇಳಿಸಿದ.

ಸೈನಿಕ ಬಂದ, ಸತ್ತ. ಕಾವಲುಗಾತಿ ಎಬ್ಬಿಸಿದಳು. ಬಂದ, ಸತ್ತ. ಅರ್ಪಾದ್ ಆ ಎಲೆಯನ್ನು ಕವುಚುವುದು, ತಿರುಗಿಸುವುದು, ಕವುಚುವುದು, ತಿರುಗಿಸುವುದು ಮಾಡುತ್ತಲೇ ಹೋದ. ಅವಸರವಿಲ್ಲದ ಕೈ. ಎಲೆ ಮೇಜಿಗೆ ತಗಲುವ ಸಣ್ಣ ಸದ್ದು ಬಿಟ್ಟರೆ ಅಂಗಡಿಯಲ್ಲಿ ಬೇರೇನೂ ಕೇಳಿಸುತ್ತಿರಲಿಲ್ಲ. ಚಿತ್ರದಲ್ಲಿದ್ದ ಮುದುಕನ ಮುಖ ನೋಡಿ ನೋಡಿ, ಪಾಪ, ಒಂದು ಸಲ ಮಲಗಲು ಬಿಡಬಾರದೇ ಅನ್ನಿಸಿತು.

"ಸಾಕು ಅಪ್ಪ," ಅಂದಳು ಕೊರಿನ್.

ಡೆಸ್ಮಂಡ್ ಬಗ್ಗಿ ಎರಡು ಎಲೆಗಳನ್ನೂ ಓದಿದ. ಎರಡರಲ್ಲೂ ‘ಲೇಬೇಕು’ ಅಂತಲೇ ಇತ್ತು. ಅವನ ಮುಖ ಸಪ್ಪಗಾಯಿತು. "ಕೊರಿನ್, ನೀವು ಇದನ್ನ ನಿಲ್ಲಿಸ್ತೀರಾ?"

ಅವಳು ತನ್ನ ಕೈಯಲ್ಲಿದ್ದ ಎಲೆಗಳನ್ನು ಒಂದೊಂದಾಗಿ ನೋಡಿದಳು. ಎರಡನೇ ಸಲ ನೋಡಿದಳು. "ನನ್ನ ಹತ್ರ ಏನೂ ಇಲ್ಲ."

"ಅರ್ಪಾದ್, ನೀವು ನಿಲ್ಲಿಸ್ತೀರಾ?"

ಅರ್ಪಾದ್ ತಲೆ ಓರೆ ಮಾಡಿದ. ಡೆಸ್ಮಂಡನನ್ನು ನೋಡಲು ಹಾಗೆ ಮಾಡಿದ ಅಂತ ಎಲ್ಲರೂ ಅಂದುಕೊಂಡರು. ಆದರೆ ಹಾಗೆ ಓರೆ ಮಾಡಿದಾಗ ಅವನಿಗೆ ಕಾಣುವುದು ಹಿಂದೆ ಪಕ್ಕದಲ್ಲಿ ನಿಂತವರು. ಅಲ್ಲಿ ನಿಂತಿದ್ದವಳು ನಾನು. ಕಾಫಿ ಕೆಟಲು ನನ್ನ ಕೈಯಲ್ಲಿ, ಕೆಂಪು ಹಿಡಿಯ ಸುತ್ತಿಗೆ ಅವನ ಕೈಯಲ್ಲಿ.

"ಇಲ್ಲ," ಅಂದ.

"ಹಾಗಾದ್ರೆ ಸಮ," ಅಂದ ಡೆಸ್ಮಂಡ್, ತಪ್ಪು ತನ್ನದೇ ಅನ್ನುವಷ್ಟು ಮೆತ್ತಗೆ.

ಅವರಿಬ್ಬರ ಆಟ ಯಾವತ್ತೂ ಸಮವಾಗಿರಲಿಲ್ಲ. ಸಮವಾದರೆ ಏನು ಅಂತ ಯಾರೂ ಮಾತಾಡಿಕೊಂಡಿರಲಿಲ್ಲ. ಅರ್ಪಾದ್ ತನ್ನ ಎಲೆಗಳನ್ನೆಲ್ಲ ಒಟ್ಟು ಮಾಡಿ ಕಟ್ಟಿನೊಳಗೆ ಸೇರಿಸಿ ಕಲಸಿಬಿಟ್ಟ. ಸುತ್ತಿಗೆಯೂ ಎಲ್ಲರ ನಡುವೆ ಎಲ್ಲೋ ಹೋಯಿತು.

"ಇನ್ನೊಂದಾಟ," ಅಂದಳು ಕೊರಿನ್.

"ಒಂದು ಜಗಳಕ್ಕೆ ಒಂದೇ ಆಟ ಮಗಳೇ. ಮೊದ್ಲು ಹೇಗಿತ್ತೋ ಹಾಗೇ ಇರತ್ತೆ ಅಷ್ಟೇ. ಅಲ್ದೆ ಕತ್ತಲಾಗ್ತಾ ಬಂತು. ಕತ್ತಲಾದ್ರೆ ನಂಗೆ..." ಅಲ್ಲಿಗೆ ನಿಲ್ಲಿಸಿದ. ಆಮೇಲೆ, "ರಸ್ತೆ ಜಾರತ್ತೆ," ಅಂದ.

ಕೀಲಿಕೈಗೆ ಕೈ ಚಾಚಿದ. ಅದು ಮೇಜಿನ ನಟ್ಟನಡುವೆ, ಅವನ ಕಣ್ಣೆದುರಿಗೇ ಇತ್ತು. ಅದಕ್ಕೇ ಅವನ ಬೆರಳುಗಳು ಮೊದಲು ಬರೀ ಮರವನ್ನು ತಡವಿದವು. ಆಮೇಲೆ ನನ್ನ ಲಾಯೋಶನ ಅಟ್ಟೆ ಸಿಕ್ಕಿತು. ಗಡ್ಡದವನು ಬೇರೆ ಕಡೆ ನೋಡಿದ.

"ಇರ್ಮಾ, ಬರ್ತೀಯ ತಾನೆ?" ಅಂತ ನನ್ನನ್ನು ಕೇಳಿದ. "ಗಾಡಿ ಬೆಚ್ಚಗೆ ಮಾಡ್ತಿರ್ತೀನಿ. ಬೇಗ ಬಾ, ಬಾಗಿಲಲ್ಲಿ ನಿಂತು ಪುರಾಣ ತೆಗೀಬೇಡ."

"ಪುರಾಣ ಕೇಳೋಕೆ ನಿಂಗೆ ಕಿವಿ ಆದ್ರೂ ಸರಿಯಾಗಿದೆಯಲ್ಲ, ಪುಣ್ಯ ಮಾಡಿದ್ದೀಯ," ಅಂದೆ. ಬಾಯಿಗೆ ಅಭ್ಯಾಸ. ಹೇಳಿದ ಮೇಲೆ ನನಗೇ ನಗು ಬರಲಿಲ್ಲ.

ಅವನು ಹೋದ ಮೇಲೆ ನಾನು ಕಿಫ್ಲಿಯ ತಟ್ಟೆ ಕಟ್ಟಿದೆ, ಸ್ಕಾರ್ಫ್ ಸುತ್ತಿಕೊಂಡೆ, ಬಿಚ್ಚಿ ಮತ್ತೆ ಸುತ್ತಿಕೊಂಡೆ. ಕೊರಿನ್ ಬಂದು ನನ್ನ ಕೋಟನ್ನು ಹಿಡಿದುಕೊಂಡಳು, ತೋಳು ತೂರಿಸಲು ಅನುಕೂಲವಾಗುವ ಹಾಗೆ.

"ಅಪ್ಪನ ಕೈಲಿ ಸುತ್ತಿಗೆ ಇತ್ತು, ಅಲ್ವಾ ನೇನಿ?" ಅಂದಳು. ನಮ್ಮ ಹಂಗೇರಿಯವರ ಬೀದಿಗಳಲ್ಲಿ ವಯಸ್ಸಾದ ಹೆಂಗಸರನ್ನು ನೇನಿ ಅಂತಲೇ ಕರೆಯುವುದು. "ಹೇಳ್ಬೇಡಿ. ಆ ಕಟ್ಟು ನಾವಿಬ್ರೂ ಸೇರಿ ಕಟ್ಟಿದ್ದು. ಅದ್ರಲ್ಲಿ ಸುತ್ತಿಗೆ ಇದ್ದೇ ಇರತ್ತೆ."

ನನ್ನ ಮುಖವೇ ಹೇಳಿರಬೇಕು.

"ನೀನು ಪೊಲೀಸ್ನೋರಿಗೆ ಒಂದು ಮಾತು ಹಾಕ್ಬಾರ್ದೇನೇ?" ಅಂದೆ. "ಲೈಸೆನ್ಸ್ ಕಿತ್ಕೋತಾರೆ."

"ಹಾಕ್ಬಹುದು. ಅವತ್ತಿಗೆ ಅವನು ನನ್ನೆದುರು ಎಲೆ ಹಿಡಿಯೋದು ಮುಗೀತು. ಅದೊಂದು ಬಿಟ್ರೆ ನಮ್ಮಿಬ್ರ ನಡುವೆ ಬೇರೇನಿದೆ ನೇನಿ?" ಅವಳು ನನ್ನ ಕೋಟಿನ ಗುಂಡಿ ಹಾಕತೊಡಗಿದಳು, ನಾನೇ ಚಿಕ್ಕವಳೇನೋ ಅನ್ನುವ ಹಾಗೆ. "ಮೊನ್ನೆ ಭಾನುವಾರ ಚರ್ಚಿಂದ ಬರ್ತಾ ನಿಮ್ಮ ಕಾರಿನ ಹಿಂದೇನೇ ಇದ್ದೆ. ನಿಮ್ಮ ಮೊಣಕೈ ನೋಡ್ದೆ. ದೀಪ ಬದಲಾದಾಗೆಲ್ಲ ನೋಡ್ದೆ."

ಎಪ್ಪತ್ತೆಂಟು ವರ್ಷದ ಆ ಮೊಣಕೈಯನ್ನು ನಾನು ಮೈಗೆ ಒತ್ತಿಕೊಂಡೆ.

"ನಾನು ಕೂರದೇ ಇದ್ರೂ ಅವನು ಓಡಿಸ್ತಾನೆ ಕಣೇ," ಅಂದೆ. "ಬುಧವಾರ ಓಡಿಸ್ಲಿಲ್ವಾ? ನಾನಿದ್ರೆ ಕಡೇಪಕ್ಷ ಕೆಂಪು ಹಸಿರಾದ್ರೂ ಗೊತ್ತಾಗತ್ತೆ. ರೈಲು ಹಳಿ ಹತ್ರ ಗೇಟಿಲ್ಲ, ನಿಂಗೇ ಗೊತ್ತಲ್ಲ."

"ನೀವು ಪಕ್ಕದಲ್ಲಿ ಇರೋದ್ರಿಂದ್ಲೇ ತನಗಿನ್ನೂ ಕಾಣ್ಸತ್ತೆ ಅಂತ ಅವನು ನಂಬಿರೋದು."

"ಇಲ್ದೇ ಹೋದ್ರೆ?"

"ಗೊತ್ತಿಲ್ಲ. ಇಳೀಬಹುದು. ಒಬ್ಬನೇ ಹೋಗಿಬಿಡಬಹುದು." ಅವಳ ದನಿ ಸಣ್ಣಗಾಯಿತು. ಕೊನೆಯ ಗುಂಡಿಯನ್ನು ಹಾಕದೆ ಹಾಗೇ ಹಿಡಿದುಕೊಂಡಿದ್ದಳು. "ನಿಮ್ಮ ಕೈಲಾಗತ್ತಾ ಅಂತ ನಾನು ಕೇಳ್ತಿಲ್ಲ ನೇನಿ. ನಿಲ್ಲಿಸ್ತೀರಾ?"

ಹೊರಗೆ ಕಾರಿನ ಹಾರನ್ ಒಂದು ಸಲ ಕೂಗಿತು. ಮೆತ್ತಗೆ, ನೆನಪು ಮಾಡುವ ಹಾಗೆ.

ಬಾಗಿಲು ತೆಗೆದರೆ ಸರೋವರದ ಕಡೆಯ ಗಾಳಿ ಮುಖಕ್ಕೆ ಹೊಡೆಯಿತು. ಬೆಳಕು ಬೂದಿ ಬಣ್ಣಕ್ಕೆ ತಿರುಗಿತ್ತು, ಹಿಮ ಅಡ್ಡಡ್ಡಲಾಗಿ ಬೀಳುತ್ತಿತ್ತು. ಬೀದಿಯ ಕೊನೆಯ ದೀಪ ನನಗೇ ಒಂದು ಕೆಂಪು ಕಲೆಯಂತೆ ಕಾಣಿಸುತ್ತಿತ್ತು, ಇನ್ನು ಅವನಿಗೆ ಹೇಗೆ ಕಂಡೀತು. ಕೊರಿನ್ ನನ್ನ ಹಿಂದೆಯೇ ಹೊಸ್ತಿಲವರೆಗೆ ಬಂದು ಅಲ್ಲೇ ನಿಂತಳು. ತೋಳು ಹಿಡಿಯಲಿಲ್ಲ, ತಳ್ಳಲೂ ಇಲ್ಲ.

ಕಾರು ಫುಟ್‌ಪಾತಿನ ಅಂಚಿಗೆ ನಿಂತಿತ್ತು, ಹೊಗೆ ಕಾರುತ್ತಿತ್ತು. ಮುಂದಿನ ತಗ್ಗಿನೊಳಗೆ ಹಿಮ ತುಂಬಿ ಹಳದಿ ಮುಚ್ಚಿಹೋಗಿತ್ತು. ಅರ್ಪಾದ್ ಗಾಜಿನ ಮೇಲಿನ ಹಿಮ ಕೆರೆದಿದ್ದ. ಅರ್ಧ ಗಾಜನ್ನು ಮಾತ್ರ. ಅವನು ಕೂತಿದ್ದ ಕಡೆ ಹಿಮ ಒಂದು ಗೇಣು ದಪ್ಪಕ್ಕೆ ಹಾಗೇ ಅಂಟಿತ್ತು. ನಾನು ಕೂರುವ ಕಡೆ ಒಂದು ಚುಕ್ಕೆಯೂ ಇಲ್ಲದ ಹಾಗೆ ಉಜ್ಜಿ ಉಜ್ಜಿ ಹೊಳೆಯುವಂತೆ ಮಾಡಿದ್ದ.

ನನಗೆಂದು ಬಾಗಿಲನ್ನೂ ತೆರೆದಿಟ್ಟಿದ್ದ. ಸೀಟಿನ ಮೇಲೆ ಹಿಮದ ಹೂಗಳು ಬಿದ್ದು ಕರಗುತ್ತಿದ್ದವು. ಅವನು ಎದುರಿಗೆ ನೋಡುತ್ತ ಕೂತಿದ್ದ, ಅಂದರೆ ನನ್ನನ್ನು ನೋಡುತ್ತಿದ್ದ. ಮೊಣಕೈಯನ್ನು ನನ್ನ ಕಡೆಗೆ ಸ್ವಲ್ಪ ಚಾಚಿಟ್ಟಿದ್ದ.

ನಾನು ಹೋಗಿ ಬಾಗಿಲ ಹಿಡಿ ಹಿಡಿದೆ. ತಣ್ಣಗೆ ಕೊರೆಯುತ್ತಿತ್ತು. ಆಮೇಲೆ ಬಾಗಿಲು ಹಾಕಿದೆ, ಗಟ್ಟಿಯಾಗಿ, ಬೀದಿಗೆಲ್ಲ ಕೇಳುವ ಹಾಗೆ. ಒಳಗೆ ಕೂತು ಹಾಕಿದೆನೋ, ಹೊರಗೆ ನಿಂತು ಹಾಕಿದೆನೋ, ಇಷ್ಟು ಹೊತ್ತು ಕೇಳಿದ್ದೀರಲ್ಲ, ನೀವೇ ಹೇಳಿ.